ಭಾವನವರಿಗೆ ‘ಸ್ಟಾಪ್’ ಅಂದದ್ದು

ಭಾವನವರನ್ನು ಪಂದ್ಯದಿಂದ ಹೊರಗೆ ಹಾಕಿದ ದಿನ ಬೆಳಿಗ್ಗೆ ಅವರಿಗೆ ಡಬ್ಬಿಯಲ್ಲಿ ಥಾಲಿಪೀಟು ಕಟ್ಟಿಕೊಟ್ಟವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ನಮ್ಮ ಬಳಗದಲ್ಲಿ ಹಬ್ಬಿದ ಸುದ್ದಿಯ ಪ್ರಕಾರ ನಾನು ಯಾವುದೋ ಹಳೆಯ ಸಿಟ್ಟು ಇಟ್ಟುಕೊಂಡು ಸಮಯ ಕಾಯುತ್ತಿದ್ದೆನಂತೆ. ಸಿಟ್ಟು ಯಾವುದೂ ಇರಲಿಲ್ಲ. ಬಂದಿದ್ದರೆ ಅದು ಆ ದಿನದ ನಂತರ ಬಂದದ್ದು.

ಭಾವ ಎಂದರೆ ನನ್ನ ಗಂಡನ ಅಣ್ಣ. ಬೆಳಗಾವಿಯಿಂದ ಕೆನಡಾಕ್ಕೆ ಬಂದ ಹೊಸದರಲ್ಲಿ ನಾವು ವಿಟ್ಬಿಯ ಅವರ ಮನೆಯ ಬೇಸ್‌ಮೆಂಟಿನಲ್ಲಿ ಎರಡು ವರ್ಷ ಇದ್ದೆವು. ನನಗೆ ಕಾರು ಓಡಿಸಲು ಕಲಿಸಿದವರು ಅವರು. ವಾನ್ ಎಂಬ ಊರಿನ ಕಾರ್ಖಾನೆಯಲ್ಲಿ ಜನ ಬೇಕಾಗಿದ್ದಾರೆ ಎಂದು ಸುದ್ದಿ ತಂದವರೂ ಅವರೇ. ಅವರೆದುರು ನಾನು ದನಿ ಎತ್ತಿ ಮಾತಾಡಿದವಳಲ್ಲ. ಪಿಸ್ತೂಲಿನ ಹುಚ್ಚನ್ನು ಮನೆಗೆ ತಂದವರೂ ಅವರೇ. ಮೊದಲು ತಾವು ಲೈಸೆನ್ಸು ಮಾಡಿಸಿಕೊಂಡರು, ಆಮೇಲೆ ತಮ್ಮನನ್ನು ಎಳೆದರು, 2015ರ ಬೇಸಿಗೆಯಲ್ಲಿ ನನ್ನನ್ನೂ ಕೂರಿಸಿ ಕಲಿಸಿದರು. ನನಗೆ ಗುರಿ ಎಂದೂ ಒಲಿಯಲಿಲ್ಲ. ಆದರೆ ಕಾರ್ಖಾನೆಯಲ್ಲಿ ನನ್ನ ಕೆಲಸ ಬಾಗಿಲಿನ ಬಿಜಾಗರಿಗಳನ್ನು ಅಳೆದು, ಸರಿಯಿಲ್ಲದ್ದನ್ನು ತೆಗೆದು ಪಕ್ಕಕ್ಕಿಡುವುದು. ಅದು ಪಿಸ್ತೂಲು ಕ್ಲಬ್ಬಿನಲ್ಲಿ ಹೇಗೋ ಗೊತ್ತಾಯಿತು. ಮರುವರ್ಷವೇ ನನ್ನನ್ನು ಪಂದ್ಯದ ತೀರ್ಪುಗಾರರ, ಅಂದರೆ ರೇಂಜ್ ಆಫೀಸರ್, ತರಗತಿಗೆ ಕಳಿಸಿ, ಪರೀಕ್ಷೆ ಬರೆಸಿ, ಕೈಗೆ ಟೈಮರ್ ಕೊಟ್ಟರು.

ಆಟ ಹೀಗಿದೆ. ಮೂರು ಕಡೆ ಮಣ್ಣಿನ ದಿಬ್ಬ ಇರುವ ಅಂಗಳದಲ್ಲಿ ಮರದ ಗೋಡೆಗಳನ್ನು ನಿಲ್ಲಿಸಿ, ಅವುಗಳ ಹಿಂದೆ ರಟ್ಟಿನ ಗುರಿಗಳನ್ನು, ಗುಂಡು ತಗುಲಿದರೆ ಬೀಳುವ ಕಬ್ಬಿಣದ ತಗಡುಗಳನ್ನು ಇಟ್ಟಿರುತ್ತಾರೆ. ಒಬ್ಬೊಬ್ಬರೇ ಬಂದು, ಬೀಪ್ ಆದ ಕೂಡಲೇ ಓಡಾಡುತ್ತಾ ಒಂದೊಂದು ರಟ್ಟಿಗೆ ಎರಡೆರಡು ಗುಂಡು ಹೊಡೆಯಬೇಕು. ಎಷ್ಟು ಬೇಗ ಮುಗಿಸಿದರು, ಎಲ್ಲಿ ತಗುಲಿತು ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ರೇಂಜ್ ಆಫೀಸರ್ ಆದವಳು ಟೈಮರ್ ಹಿಡಿದು ಅವರ ಬೆನ್ನ ಹಿಂದೆಯೇ ಓಡಬೇಕು. ಕಣ್ಣು ಗುರಿಯ ಮೇಲಲ್ಲ, ಪಿಸ್ತೂಲಿನ ಮೇಲೆ.

ಜಗಳವಿಲ್ಲದ ಭಾನುವಾರ ಒಂದೂ ನೆನಪಿಲ್ಲ. ರಟ್ಟಿನಲ್ಲಿ ಒಂದೇ ತೂತು ಇದ್ದರೆ, ಎರಡೂ ಗುಂಡು ಅದರಲ್ಲೇ ಹೋಗಿವೆ ಎಂದು ವಾದ. ತೂತು ಅಂಕದ ಗೆರೆಗೆ ತಾಗಿದೆಯೋ ಇಲ್ಲವೋ ಎಂದು ಮೊಣಕಾಲೂರಿ ನೋಡುತ್ತಾ ಇನ್ನೊಂದು ವಾದ. ಕಬ್ಬಿಣದ ತಗಡು ಬೀಳಲಿಲ್ಲವೆಂದರೆ ತಪ್ಪು ತಗಡಿನದು, ಬಿದ್ದರೆ ಕೀರ್ತಿ ಹೊಡೆದವನದು. ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಒಬ್ಬಾತ ತನ್ನ ಕಾಲು ನೆಲದ ಗಡಿಗೆರೆ ದಾಟಲೇ ಇಲ್ಲವೆಂದು ಹತ್ತು ನಿಮಿಷ ನನ್ನ ಮುಂದೆ ನಿಂತಿದ್ದ. ಅವನ ಬೂಟಿನ ಗುರುತು ಗೆರೆಯಾಚೆ ಹಸಿ ಮಣ್ಣಿನಲ್ಲಿ ಅಚ್ಚೊತ್ತಿದಂತೆ ಇತ್ತು. ಸಂಬಳವಿಲ್ಲದ ಈ ಕೆಲಸಕ್ಕೆ ನಾನು ಒಂದು ಗಂಟೆ ಕಾರು ಓಡಿಸಿಕೊಂಡು ಹೋಗುತ್ತಿದ್ದೆ.

ಎಲ್ಲದಕ್ಕಿಂತ ದೊಡ್ಡ ನಿಯಮ ಒಂದಿದೆ. ಹೊಡೆಯುವವರ ಮೈಯಿಂದ ಎಡಕ್ಕೂ ಬಲಕ್ಕೂ ಒಂದು ನೇರ ಗೆರೆ ಎಳೆದಿದೆ ಎಂದುಕೊಳ್ಳಿ. ಪಿಸ್ತೂಲಿನ ಬಾಯಿ ಆ ಗೆರೆ ದಾಟಿ ಹಿಂದಕ್ಕೆ, ಜನ ನಿಂತ ಕಡೆಗೆ, ತಿರುಗಬಾರದು. ಇದಕ್ಕೆ ‘ಒನ್ ಎಯ್ಟಿ’, ಅಂದರೆ ನೂರ ಎಂಬತ್ತು ಡಿಗ್ರಿ, ಎನ್ನುತ್ತಾರೆ. ತಿರುಗಿತೋ, ಗುಂಡು ಹಾರದಿದ್ದರೂ ಸರಿ, ಆ ದಿನದ ಆಟ ಮುಗಿಯಿತು. ಎಚ್ಚರಿಕೆ, ಕ್ಷಮೆ ಏನೂ ಇಲ್ಲ.

2017ರ ಆಗಸ್ಟಿನಲ್ಲಿ ನಡೆದದ್ದು ಅದೇ. ದಿನದ ಎರಡನೇ ಸರದಿ ಭಾವನವರದು. ನಾನು “ಆರ್ ಯು ರೆಡಿ?” ಅಂದೆ, ತಲೆಯಾಡಿಸಿದರು. “ಸ್ಟ್ಯಾಂಡ್ ಬೈ.” ಬೀಪ್. ಬಲಗಡೆಯ ಗುರಿಗಳನ್ನು ಚೆನ್ನಾಗಿಯೇ ಹೊಡೆದು ಎಡಗಡೆಯ ಗೋಡೆಯತ್ತ ಓಡಿದರು. ಓಡುತ್ತಲೇ ಗುಂಡು ಮುಗಿದ ಮ್ಯಾಗಜೀನು ಬೀಳಿಸಿ ಹೊಸದನ್ನು ಸೇರಿಸಲು ಹೋದರು. ಆಗ ಮೈ ಎಡಕ್ಕೆ ತಿರುಗಿತು, ಕೈ ಅದಕ್ಕಿಂತ ಹೆಚ್ಚು ತಿರುಗಿತು. ಪಿಸ್ತೂಲಿನ ಬಾಯೊಳಗಿನ ಕಪ್ಪು ನನಗೆ ಕಂಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತು.

“ಸ್ಟಾಪ್!” ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

ಪಿಸ್ತೂಲು ಖಾಲಿ ಮಾಡಿಸಿ, ಒರೆಗೆ ಸೇರಿಸಿದ ಮೇಲೆ ಅವರು ತಿರುಗಿದರು.

“ಏನಾತು? ಯಾಕ ನಿಲ್ಲಿಸಿದಿ?”

“ಒನ್ ಎಯ್ಟಿ ದಾಟಿತ್ರೀ ಭಾವಾ.”

“ಯಾರದು?”

“ನಿಮ್ಮದ್ರಿ. ರೀಲೋಡ್ ಮಾಡೂಮುಂದ ಹಿಂದಕ್ಕ ಬಂತು.”

“ನಿನಗ ಪಿಸ್ತೂಲು ಹಿಡ್ಯಾಕ ಕಲಿಸಿದಾಂವ ನಾ. ನೀ ನನಗ ಹೇಳ್ತಿಯಾ?”

“ಹೌದ್ರಿ. ಆದ್ರ ದಾಟಿತ್ರಿ.”

ಟ್ಯಾಬ್ಲೆಟ್ಟಿನಲ್ಲಿ ಅಂಕ ಬರೆಯುತ್ತಿದ್ದ ಇನ್ನೊಬ್ಬ ಅಧಿಕಾರಿಯನ್ನು ಕೇಳಿದರು. ಆ ಪುಣ್ಯಾತ್ಮ ಆಗ ಸರಿಯಾಗಿ ಟ್ಯಾಬ್ಲೆಟ್ಟನ್ನೇ ನೋಡುತ್ತಿದ್ದನಂತೆ. ಭಾವ ಮುಖ್ಯ ಅಧಿಕಾರಿಯನ್ನು ಕರೆಸಿದರು. ನೆರೆತ ಗಡ್ಡದ ಆ ಮನುಷ್ಯ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ: ನೋಡಿದೆಯೋ, ಊಹಿಸಿದೆಯೋ? ನೋಡಿದೆ ಎಂದೆ. ತೀರ್ಮಾನ ಹಾಗೇ ಉಳಿಯಿತು.

ನನ್ನ ಗಂಡ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ. “ವಿಡಿಯೋ ಐತಿ, ನೋಡ್ರಿ!” ಎಂದು ಭಾವ ಹೇಳಿದರು. ವಿಡಿಯೋವನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ ಎಂದು ನಿಯಮವೇ ಇದೆ. ನಾನು ಅದನ್ನು ಹೇಳಬೇಕಾಯಿತು. ಹೇಳಿದೆ. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ.

ಮೂವರೂ ಬಂದದ್ದು ಒಂದೇ ಕಾರಿನಲ್ಲಿ. ನನ್ನ ಕೆಲಸ ಸಂಜೆಯವರೆಗೂ ಇತ್ತು. ಅಲ್ಲಿಯವರೆಗೆ ಭಾವ ಬಿಸಿಲಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಹೋಗಿಬರುವವರಿಗೆಲ್ಲ ತಮ್ಮ ಕೈ ಎಲ್ಲಿತ್ತು, ಮೈ ಎಲ್ಲಿತ್ತು ಎಂದು ತೋರಿಸುತ್ತಾ ಕುಳಿತರು. ವಾಪಸು ಬರುವಾಗ 401 ಹೆದ್ದಾರಿಯಲ್ಲಿ ಟ್ರಾಫಿಕ್ಕು.

“ಒಂದ್ ಮಾತು ವಾರ್ನಿಂಗ್ ಕೊಡಬೌದಿತ್ತು,” ಎಂದರು ಭಾವ, ಕಿಟಕಿಯತ್ತ ಮುಖ ಮಾಡಿ.

“ಅದಕ್ಕ ವಾರ್ನಿಂಗ್ ಇಲ್ರೀ ಭಾವಾ.”

“ಬಿಡಣ್ಣಾ,” ಎಂದ ನನ್ನ ಗಂಡ. ಮನೆಗೆ ಬಂದ ಮೇಲೆ ಅವನೇ, “ನೀ ಖಾತ್ರಿ ನೋಡಿದಿ ಹೌದಿಲ್ಲೋ?” ಎಂದು ಮೂರು ಸಲ ಕೇಳಿದ. ಮೂರನೇ ಸಲ ನಾನು ಡಬ್ಬಿ ತೊಳೆಯಲು ಹೋದೆ.

ಮುಂದಿನ ಶನಿವಾರ ವಿಟ್ಬಿಯಲ್ಲಿ ಊಟ. ಊಟ ಎಂದರೆ ಪಂಚಾಯಿತಿ. ವಿಡಿಯೋವನ್ನು ದೊಡ್ಡ ಟೀವಿಗೆ ಹಾಕಿದರು. ಭಾವ ಬಲಗಡೆಯಿಂದ ಓಡಿದರು, ಮ್ಯಾಗಜೀನು ಬಿತ್ತು, ಸರಿಯಾಗಿ ಆ ಕ್ಷಣದಲ್ಲಿ ಮರದ ಗೋಡೆ ಅಡ್ಡ ಬಂತು. ಹಿಂದಕ್ಕೆ ಓಡಿಸಿ, ನಿಧಾನ ಮಾಡಿ, ನಿಲ್ಲಿಸಿ ನೋಡಿದರು. ನನ್ನ ಹನ್ನೊಂದು ವರ್ಷದ ಮಗಳು ಸೋಫಾದಿಂದಲೇ, “ಗಾಯ್ಸ್, ಇಟ್ಸ್ ಜಸ್ಟ್ ಅ ವಾಲ್,” ಎಂದಳು. ಅಷ್ಟು ಮಂದಿಯಲ್ಲಿ ಬುದ್ಧಿಯ ಮಾತಾಡಿದವಳು ಅವಳೊಬ್ಬಳೇ.

ನೆಗೆಣ್ಣಿ, ಭಾವನವರ ಹೆಂಡತಿ, ಅಡುಗೆಮನೆಯಲ್ಲಿ ನನ್ನನ್ನು ಹಿಡಿದಳು. “ಅಲ್ಲವಾ, ಅಷ್ಟು ಮಂದ್ಯಾಗ ಹಿಡಿಯಾಕ ಬ್ಯಾರೆ ಯಾರೂ ಸಿಗಲಿಲ್ಲೇನ?”

“ಅಕ್ಕಾ, ಅವರ ಹಿಂದ ನಾನೂ ನಿಂತಿದ್ದೆ, ನಿಮ್ಮ ಮೈದುನನೂ ನಿಂತಿದ್ದ. ಕೈ ಜಾರಿ ಗುಂಡು ಹಾರಿದ್ರ ಯಾರನ್ನ ಕೇಳ್ತಿದ್ರಿ?”

“ಹಾರಲಿಲ್ಲಲ್ಲ,” ಎಂದು ಅವಳು ಅನ್ನದ ಪಾತ್ರೆ ಎತ್ತಿಕೊಂಡು ಹೋದಳು. ಹಾರಿದ ಮೇಲೆ ನಿಲ್ಲಿಸಲು ನಾನೇಕೆ ಬೇಕು?

ಚಳಿಗಾಲವಿಡೀ ಭಾವ ನನ್ನೊಂದಿಗೆ ನೇರವಾಗಿ ಮಾತಾಡಲಿಲ್ಲ. ಚಹಾ ಬೇಕಾದರೂ ನನ್ನ ಮಗಳ ಮೂಲಕ ಕೇಳುತ್ತಿದ್ದರು. ವಸಂತ ಬರುವಷ್ಟರಲ್ಲಿ ಸುದ್ದಿ ತಿಳಿಯಿತು, ಅವರೂ ರೇಂಜ್ ಆಫೀಸರ್ ತರಗತಿಗೆ ಸೇರಿದ್ದಾರೆ. ನನ್ನ ತಪ್ಪನ್ನು ಪುಸ್ತಕದಲ್ಲೇ ಹುಡುಕಿ ತೋರಿಸಲು ಎಂದು ಗಂಡ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಪಾಸಾದ ಮೇಲೆ ಮಾತು ಶುರುವಾಯಿತು, ಆದರೆ ಎಂಥ ಮಾತು! ಹಬ್ಬಕ್ಕೆ ಹೋಗಲಿ, ಹುಟ್ಟುಹಬ್ಬಕ್ಕೆ ಹೋಗಲಿ, ನಿಯಮದ ಸಂಖ್ಯೆ ಹೇಳಿ ನನಗೆ ಪ್ರಶ್ನೆ. ಹೋಳಿಗೆ ಬಡಿಸುತ್ತಿದ್ದಾಗ ತಡೆದು, ತಗಡು ಗಾಳಿಗೆ ಬಿದ್ದರೆ ಏನು ಮಾಡುತ್ತೀ ಎಂದು ಕೇಳಿದವರು ಅವರು.

2019ರ ಜೂನ್‌ನಲ್ಲಿ ಒಂದು ಭಾನುವಾರ ಸಂಜೆ ಹಿತ್ತಲಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕುಳಿತಿದ್ದೆ. ಫೋನು ಬಂತು. ಅಂದಿನ ಪಂದ್ಯಕ್ಕೆ ನಾನು ಹೋಗಿರಲಿಲ್ಲ.

“ಇವತ್ತ ಒಬ್ಬರನ್ನ ಹೊರಗ ಹಾಕಿದೆ,” ಎಂದರು ಭಾವ. “ವಯಸ್ಸಾದ ಮನಿಷ್ಯಾ. ಮೂರು ತಾಸು ಡ್ರೈವ್ ಮಾಡ್ಕೊಂಡು ಬಂದಿದ್ದಾ. ಓಡೂಮುಂದ ಬಟ್ಟು ಟ್ರಿಗರ್ ಮ್ಯಾಲಿತ್ತು, ನೆಲಕ್ಕ ಗುಂಡು ಹಾರಿತು. ಅವನ ಕಾಲಿಂದ ಒಂದ್ ಗೇಣು ದೂರ.”

“ಮತ್ತ?”

“ಮತ್ತೇನು, ನೆಲಕ್ಕಲ್ಲ, ಗುರಿಗೇ ಹೊಡದೇನಿ ಅಂತಾನ. ಮಂದೀನೂ ಅವನ ಕಡೀನ. ನಾ ಏನೋ ಕೊಲಿ ಮಾಡಿದಂಗ ನೋಡಿದ್ರು.”

ಸೊಪ್ಪಿನ ಕಟ್ಟನ್ನು ಕೆಳಗಿಟ್ಟೆ.

“ಇನ್ನೂ ಕಾರಿನ್ಯಾಗ ಕುಂತೇನಿ, ಮನಿಗೆ ಹೋಗಿಲ್ಲ. ಅವತ್ತ ನಿನಗ ಹೆಂಗಾಗಿತ್ತವಾ?”

ಎರಡು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. “ಟೈಮರ್ ಹಿಡಿದಿದ್ದ ಕೈ ಸಂಜಿತನಕ ತಣ್ಣಗಿತ್ರಿ,” ಎಂದೆ. “ಊಟ ಸೇರಲಿಲ್ಲ. ನಾ ನೋಡಿದ್ದು ಖರೇನೋ ಸುಳ್ಳೋ ಅಂತ ನನಗ ನಾನ ನೂರು ಸಲ ಕೇಳಿಕೊಂಡೆ.”

“ಹ್ಞೂಂ,” ಎಂದರು. ಆಮೇಲೆ, “ಆದ್ರೂ ಅವತ್ತ ನಂದು ದಾಟಿರಲಿಲ್ಲ,” ಎಂದರು.

“ದಾಟಿತ್ರೀ ಭಾವಾ.”

“ನೀ ನಿಂತ ಜಾಗಾ ನೋಡಿದ್ರ—”

“ದಾಟಿತ್ರಿ,” ಎಂದು ಮತ್ತೆ ಹೇಳಿ, ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟೆ. ಅವರು ನಿಯಮದ ಸಂಖ್ಯೆ ಹೇಳತೊಡಗಿದರು. ನಾನು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡೆ.