ಗಂಗಮ್ಮನ ಹೆಸರಲ್ಲಿ ನಗಿಸುತ್ತಿದ್ದವನು

ಕೆಂಚಾರ್ಲಹಳ್ಳಿಯ ರಾಮಾಂಜಿನಪ್ಪ ಆರ್ಕೆಸ್ಟ್ರಾದಲ್ಲಿ ಹಾಡುಗಳ ನಡುವೆ ಜನರನ್ನು ನಗಿಸುತ್ತಿದ್ದ. ಎರಡು ಸಾವಿರದ ನಾಲ್ಕರ ಹೊತ್ತಿಗೆ ಯಾವ ಗಣೇಶನ ಪೆಂಡಾಲಿಗೆ ಹೋದರೂ ಜನ ಕೂಗಿ ಕೇಳುತ್ತಿದ್ದುದು ಅವನ ಒಂದೇ ಐಟಂ: ಗ್ರಾಮದೇವತೆ ಗಂಗಮ್ಮ ಮೈಮೇಲೆ ಬಂದ ಹೆಂಗಸು. ಸೀರೆ ಸುತ್ತಿ, ಕೂದಲು ಕೆದರಿ, ತೂಗಾಡುತ್ತಾ "ನಂಗೆ ಕಲರ್ ಟೀವಿ ಬೇಕು ಕಣ್ರೋ!" ಎಂದು ಗುಡುಗಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು.

ವೇದಿಕೆ ಹತ್ತುವ ಮುಂಚೆ ಪರದೆಯ ಹಿಂದೆ ಅವನು ಅದೇ ಗಂಗಮ್ಮನ ಕುಂಕುಮ ಹಚ್ಚಿಕೊಳ್ಳುತ್ತಿದ್ದ. "ಹೊಟ್ಟೆಪಾಡು ತಾಯೀ, ಮನಸ್ಸಿಗೆ ಹಚ್ಕಬ್ಯಾಡ" ಎಂದು ಅವಳನ್ನು ಬೇಡಿಕೊಳ್ಳುತ್ತಿದ್ದ. ಅವನ ತಾಯಿ ಅಕ್ಕಯ್ಯಮ್ಮನ ಮೈಮೇಲೆ ನಿಜವಾಗಿಯೂ ಗಂಗಮ್ಮ ಬರುತ್ತಿದ್ದಳು. ಆ ತೂಗಾಟ, ಆ ದನಿ, ಎಲ್ಲ ಅವನು ಕಲಿತದ್ದು ತಾಯಿಯನ್ನು ನೋಡಿಯೇ. ಅವಳ ಕಣ್ಣಿಗೆ ಬೀಳಬಾರದೆಂದು ಸ್ವಂತ ಊರಿನಲ್ಲಿ ಕಾರ್ಯಕ್ರಮ ಒಪ್ಪುತ್ತಲೇ ಇರಲಿಲ್ಲ.

ಶಿಡ್ಲಘಟ್ಟದಲ್ಲಿ ಒಂದು ಸಂಜೆ ಅವನು ತೂಗಾಡುತ್ತಿದ್ದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಎದ್ದು ತಾನೂ ತೂಗತೊಡಗಿದಳು. ಕಣ್ಣಾಲಿ ಮೇಲಕ್ಕೆ ಸಿಕ್ಕಿಕೊಂಡಿತ್ತು. ಅವಳೂ ತಂಡದವಳೇ ಅಂದುಕೊಂಡು ಜನ ಶಿಳ್ಳೆ ಹೊಡೆದರು. ರಾಮಾಂಜಿನಪ್ಪ ತೂಗಾಟ ನಿಲ್ಲಿಸಿದ. ವೇದಿಕೆಯಿಂದ ಇಳಿದು ಅವಳ ಕಾಲಿಗೆ ಬಿದ್ದ.

"ತಪ್ಪಾಯ್ತು ತಾಯೀ!"

ಕೈಯಲ್ಲಿದ್ದ ಮೈಕು ಅದನ್ನೂ ಇಡೀ ಪೆಂಡಾಲಿಗೆ ಕೇಳಿಸಿತು. ನಗು ಇಮ್ಮಡಿಯಾಯಿತು.

"ನಗಬ್ಯಾಡ್ರಪ್ಪಾ, ನಿಜವಾಗ್ಲೂ ಅಮ್ಮ ಬಂದವ್ಳೆ!" ಅಂದ. ಇನ್ನೂ ನಕ್ಕರು.

ಯಾರೋ ನೀರು ಚಿಮುಕಿಸಿದ ಮೇಲೆ ಆ ಹೆಂಗಸು, ಗಂಗುಲಮ್ಮ ಅಂತ ಅವಳ ಹೆಸರು, ಸುಸ್ತಾಗಿ ಕೂತಳು. ರಾಮಾಂಜಿನಪ್ಪ ಪಿಸುದನಿಯಲ್ಲಿ ಕೇಳಿದ: "ಅಮ್ಮಂಗೆ ನನ್ ಮೇಲೆ ಕ್ವಾಪಾನಾ?"

"ನಂಗೇನೂ ಗ್ಯಾಪ್ಕ ಇಲ್ಲಪ್ಪ. ನಿನ್ ಆಟ ಕೆಡಿಸ್ಬಿಟ್ನಾ?"

ಅವತ್ತಿನಿಂದ ಅವನಿಗೆ ಊಟ ಸೇರಲಿಲ್ಲ. ಗಂಟಲು ಕಟ್ಟಿದರೂ ಗಂಗಮ್ಮನ ಕೋಪವೇ, ದಾರಿಯಲ್ಲಿ ಬಸ್ಸು ಕೆಟ್ಟರೂ ಅವಳ ಕೋಪವೇ. ತಡೆಯಲಾರದೆ ಒಂದು ದಿನ ತಾಯಿಗೆ ಎಲ್ಲ ಹೇಳಿಬಿಟ್ಟ.

ಅಕ್ಕಯ್ಯಮ್ಮ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. "ಮಾಡು, ನೋಡಣ."

"ಬ್ಯಾಡಮ್ಮ."

"ಊರೂರ್ ಜನ ಎಲ್ಲ ನೋಡವ್ರೆ. ನಾನ್ ನೋಡ್ಬಾರ್ದಾ?"

ಅಂಗಳದಲ್ಲಿ ನಿಂತು ಮಾಡಿದ. ಟೀವಿಯ ಮಾತು ಬಂದಾಗ ಅವಳು ಸೆರಗು ಬಾಯಿಗೊತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

"ಹಿಂಗಾ ನಾನು ಕಾಣಾದು?" ಅಂದಳು. ಆಮೇಲೆ ಮೊರ ಎತ್ತಿಕೊಂಡು, "ಇದು ಅಮ್ಮ ಅಲ್ಲ ಕಣಪ್ಪ, ನಾನು. ನನ್ನ ನೋಡಿ ನಗ್ಲಿ ಬಿಡು. ಅವಳ ಹೆಸ್ರು ಮಾತ್ರ ಎತ್ತಬ್ಯಾಡ" ಎಂದಳು.

ಗೌರಿಬಿದನೂರಿನಲ್ಲಿ ಅವನು ಐಟಮ್ಮನ್ನೇ ಬದಲಿಸಿದ. ದೇವರ ಹೆಸರಿಲ್ಲ, ಟೀವಿಗಾಗಿ ಮೈಮೇಲೆ ಬಂದಂತೆ ನಾಟಕವಾಡುವ ಸೊಸೆಯಾದ. ಜನ ನಕ್ಕರು, ಆದರೆ ಮೊದಲಿನಷ್ಟಲ್ಲ. ಅವನ ಕಣ್ಣು ಮಾತ್ರ ಹೆಂಗಸರು ಕೂತ ಕಡೆಯೇ ಇತ್ತು. ಅಲ್ಲಿ ಯಾರಾದರೂ ಮಗುವನ್ನು ಎತ್ತಿಕೊಳ್ಳಲು ಎದ್ದರೂ ಎದೆ ಧಸಕ್ಕೆನ್ನುತ್ತಿತ್ತು.