ಎರಡನೆಯ ಟವೆಲು

ಆದೋನಿಯಲ್ಲಿ ನಾನು ಕೆಲಸಕ್ಕಿದ್ದ ಅಂಗಡಿಯ ಹತ್ತಿ ವ್ಯಾಪಾರಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಗಿರಾಕಿಯ ಬೆರಳು ಹಿಡಿದೇ ತಿಳಿಸುತ್ತಿದ್ದರು. ಅಂಗಡಿಯ ಪತ್ರ ಟೈಪು ಮಾಡಲು ನಾನೊಂದು ಅಗ್ಗದ ಪುಟ್ಟ ಲ್ಯಾಪ್‌ಟಾಪ್ ತಂದ ದಿನದಿಂದ ಅವರಿಗೆ ಎರಡು ಟವೆಲು ಬೇಕಾದವು.

"ಮೊದ್ಲು ಅದರ ಕಣ್ಣು ಮುಚ್ರಿ" ಎಂದು ಎರಡನೆಯ ಟವೆಲಿನಿಂದ ಕ್ಯಾಮೆರಾ ಮುಚ್ಚಿಸದೆ ವ್ಯಾಪಾರಕ್ಕೆ ಕೂರುತ್ತಿರಲಿಲ್ಲ.

ಒಮ್ಮೆ ಗಿರಾಕಿ ಬಂದು ಕುಳಿತಿದ್ದಾಗಲೇ ಕರೆಂಟು ಹೋಯಿತು. ಬ್ಯಾಟರಿ ನಿಲ್ಲದ ಲ್ಯಾಪ್‌ಟಾಪ್ ಆರಿ, ನಾನು ಅರ್ಧ ಬರೆದಿದ್ದ ಪತ್ರವೂ ಹೋಯಿತು. ಅವರು ಟವೆಲು ಸರಿಸಿ ಕಪ್ಪು ಪರದೆಯನ್ನು ತಟ್ಟಿ ನೋಡಿದರು.

"ಎಲ್ಲಾ ಮರ್ತುಬಿಡ್ತೈತೇನ್ರಿ?"

"ಹೂಂರಿ, ಸಾವ್ಕಾರ್ರ."

"ಹಂಗಾದ್ರ ಇದನ್ನ ನಂಬಬಹುದು."

ಆ ಟವೆಲನ್ನು ಮಡಚಿಟ್ಟು, ಗಿರಾಕಿಯ ಕೈ ಹಿಡಿಯುವ ಮೊದಲು ನನ್ನತ್ತ ತಿರುಗಿದರು.

"ನೀವು ಸ್ವಲ್ಪ ಹೊರಗ ಕುಂದರ್ರಿ."