ನೆವಿಲ್‌ನ ಕೈವಾರ ಬಿಟ್ಟ ಜಾಗ

ವೈಟಾವೆ ಪುರಸಭೆಯ ನಕ್ಷೆ ಕೋಣೆಯಲ್ಲಿ ನೆವಿಲ್ ಹಾಸ್ಲಿಪ್ ಇಪ್ಪತ್ತೇಳು ವರ್ಷದಿಂದ ಕೂತಿದ್ದ. ಆಸಾಮಿ ಸಾಧು, ಆದರೆ ಅಳತೆಯ ವಿಷಯ ಬಂದರೆ ಹೆತ್ತಪ್ಪನನ್ನೂ ಬಿಡುವವನಲ್ಲ. ಒಮ್ಮೆ ಯಾರೂ ಕೇಳದಿದ್ದರೂ ರಗ್ಬಿ ಮೈದಾನ ಅಳೆದು, ಗೋಲಿನ ಕಂಬ ಒಂದು ಗೇಣು ಆಚೆಗಿದೆ ಎಂದು ಬರೆದುಕೊಟ್ಟ. ಹಿಂದಿನ ವರ್ಷ ಊರಿನ ತಂಡ ಗೆದ್ದದ್ದು ಅದೇ ಕಂಬದ ದಯೆಯಿಂದ. ಅರ್ಧ ಊರು ಅವನ ಜೊತೆ ಮಾತು ಬಿಟ್ಟಿತು.

ಬಿಡದವಳು ಪಕ್ಕದ ಮನೆಯ ರೇವಿನ್. ಶನಿವಾರ ಬೆಳಿಗ್ಗೆ ತನ್ನ ಜಗಲಿಯಲ್ಲಿ ಅವನ ತಲೆಗೂದಲು ಕತ್ತರಿಸುವಳು. ಅವನು ಅವಳ ಅಂಗಳದ ಹುಲ್ಲು ಕತ್ತರಿಸುವನು. ರೇವಿನ್ ಮತ್ತು ಅವಳ ಗೆಳತಿ ಮೋಯಾನಾರ ಮನೆ ಗಂಡಸರು ದುಡ್ಡು ಕೊಟ್ಟು ಬಂದುಹೋಗುವ ಮನೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಬೀದಿಯವರು ಅವಳ ಗಿಡದ ಫಿಜೋವಾ ಹಣ್ಣನ್ನು ಬಕೆಟ್ಟುಗಟ್ಟಲೆ ಒಯ್ದು, ಏನೂ ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು.

ಹೋದ ವರ್ಷ ರಾಜಧಾನಿ ವೆಲ್ಲಿಂಗ್ಟನ್ನಿನ ಸಂಸತ್ತು ವೇಶ್ಯಾವೃತ್ತಿ ಇನ್ನು ಅಪರಾಧವಲ್ಲ ಎಂದಿತು. ಅದಾದ ತಿಂಗಳಿಗೆ ಕುಡುಕನೊಬ್ಬ ಬಾಗಿಲು ಒದ್ದಾಗ ರೇವಿನ್ ಜೀವಮಾನದಲ್ಲಿ ಮೊದಲ ಸಲ ಪೊಲೀಸರಿಗೆ ಫೋನು ಮಾಡಿದಳು.

"ಪೊಲೀಸ್ನೋನು ಟೋಪಿ ತೆಗ್ದು ಮೇಡಂ ಅಂದ ಕಣ್ರೀ ನನ್ನ! ಚಹಾನೂ ಕುಡ್ಕೊಂಡು ಹೋದ," ಎಂದು ಮೂರು ಶನಿವಾರ ನೆವಿಲ್‌ಗೆ ಹೇಳಿದಳು. ಮೂರು ಸಲವೂ ಅವನು ಹೊಸದಾಗಿ ಕೇಳಿದ.

ಆದರೆ ಪುರಸಭೆ ಸದಸ್ಯೆ ಶ್ರೀಮತಿ ಗ್ರಿಗ್ಸ್‌ಗೆ ನಿದ್ದೆ ಹತ್ತಲಿಲ್ಲ. ಮಕ್ಕಳು ಕೆಡುತ್ತಾರೆ, ಮನೆಗಳ ಬೆಲೆ ಬೀಳುತ್ತದೆ, ಊರಿನ ಮಾನ ಹೋಗುತ್ತದೆ. ಶಾಲೆ, ಚರ್ಚು, ಆಟದ ಬಯಲಿನಿಂದ ನೂರೈವತ್ತು ಮೀಟರಿನೊಳಗೆ ಅಂಥ ಮನೆ ಇರಕೂಡದು ಎಂದು ನಿಯಮದ ಕರಡು ತಂದರು. ನಕ್ಷೆ ಬರೆಯುವ ಕೆಲಸ ನೆವಿಲ್‌ನ ತಲೆಗೆ ಬಂತು.

ಅವನು ಚರ್ಚಿನ ಬಾಗಿಲ ಮೇಲೆ ಕೈವಾರದ ಮುಳ್ಳೂರಿ ಸುತ್ತು ಹಾಕಿದ. ಗೆರೆ ಬಂದು ನಿಂತದ್ದು ಅವನ ಮನೆಗೂ ರೇವಿನ್ ಮನೆಗೂ ನಡುವಿನ ಬೇಲಿಯ ಮೇಲೆ. ಅವಳು ಒಳಗೆ, ಇವನು ಹೊರಗೆ. ನಂಬಲಾಗದೆ ಅಳತೆಯ ಗಾಲಿ ಉರುಳಿಸಿಕೊಂಡು ಬೀದಿಯಲ್ಲಿ ನಡೆದು ನೋಡಿದ. ಬೇಲಿಯೇ.

ಶನಿವಾರ ವಿಷಯ ಹೇಳಿದಾಗ ರೇವಿನ್ ಕತ್ತರಿ ನಿಲ್ಲಿಸಿದಳು. "ಇಲ್ಲಿಂದ ಎಬ್ಬಿಸಿದ್ರೆ ಮತ್ತೆ ಕದ್ದುಮುಚ್ಚಿ ಬದುಕ್ಬೇಕು. ಆಮೇಲೆ ಯಾರಾದ್ರೂ ಬಾಗ್ಲು ಒದ್ರೆ ಯಾರಿಗ್ರೀ ಫೋನ್ ಮಾಡ್ಲಿ? ಆ ಮುಳ್ಳನ್ನ ಒಂದು ಕೂದಲೆಳೆ ಆಚೆಗೆ ಸರಿಸಕ್ಕಾಗಲ್ವಾ?"

ನೆವಿಲ್‌ಗೆ ಅವಳಿಗಾಗಿ ಏನು ಬೇಕಾದರೂ ಮಾಡಬಲ್ಲೆ ಅನ್ನಿಸಿತು, ಅದೊಂದನ್ನು ಬಿಟ್ಟು. "ಆಗಲ್ಲ ರೇವಿನ್ ಅವ್ರೆ," ಅಂದ.

"ಹಾಗಾದ್ರೆ ಎದ್ದೇಳಿ." ಅವನ ತಲೆಯ ಒಂದು ಮಗ್ಗುಲಷ್ಟೇ ಆಗಿತ್ತು.

ಮಂಗಳವಾರದ ಸಭೆಗೆ ಅವನು ಆ ಅರ್ಧ ತಲೆಯಲ್ಲೇ ಹೋಗಿ ನಕ್ಷೆ ತೂಗುಹಾಕಿದ. ಸುತ್ತುಗಳ ಹೊರಗೆ ಬಿಳಿಯಾಗಿ ಉಳಿದ, ಅಂದರೆ ಅಂಥ ಮನೆ ಇರಬಹುದಾದ, ದೊಡ್ಡ ಜಾಗ ಶ್ರೀಮತಿ ಗ್ರಿಗ್ಸ್ ಅವರದೇ ಬೀದಿ.

"ಅಯ್ಯೋ, ಬಸ್ ನಿಲ್ದಾಣಗಳ್ನೂ ಸೇರ್ಸಿ!" ಎಂದು ಅವರು ಕೂಗಿದರು. ನೆವಿಲ್ ಸುತ್ತು ಹಾಕಿದ. ಬಿಳಿ ಹೋಗಿ ಮೇಯರ್ ಮನೆಯ ಹತ್ತಿರ ಉಳಿಯಿತು.

"ಬಾತುಕೋಳಿ ಕೊಳ," ಎಂದರು ಮೇಯರ್. "ಅಲ್ಲಿಗೂ ಮಕ್ಳು ಬರ್ತಾವೆ."

ಹಿಂದಿನ ಸಾಲಿನಿಂದ ರೇವಿನ್ ಎದ್ದಳು. "ಏಳು ವರ್ಷದಿಂದ ನಿಮ್ಮ ಮಕ್ಳು ನನ್ನ ಅಂಗಳಕ್ಕೂ ಬರ್ತಾವೆ ಸ್ವಾಮಿ. ಕೆಟ್ಟಿದ್ದು ಅವುಗಳ ಹೊಟ್ಟೆ ಮಾತ್ರ, ಹಣ್ಣು ತಿಂದು ತಿಂದು." ಕೆಲವರು ನಕ್ಕರು. ಬಕೆಟ್ಟು ಒಯ್ದವರು ನೆಲ ನೋಡಿದರು. ಸುತ್ತುಗಳು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಪುರಸಭೆಯ ವಕೀಲರು ಕೆಮ್ಮಿದರು. "ಊರಿಗೆ ಊರನ್ನೇ ಮುಚ್ಚಿದ್ರೆ ಕೋರ್ಟು ಒಪ್ಪಲ್ಲ. ಎಲ್ಲಾದ್ರೂ ಒಂದು ಜಾಗ ಉಳೀಬೇಕು."

ಹುಡುಕಿದರು. ಒಂದೇ ಒಂದು ಉಳಿದಿತ್ತು, ಅವರೆಕಾಳಿನಷ್ಟು. ನೆವಿಲ್‌ನ ಮನೆ.

ಸಭೆಗೆ, ಹೋದ ಜೀವ ಮರಳಿ ಬಂದಂತಾಯಿತು. ಮದುವೆಯಿಲ್ಲದ ನೆವಿಲ್ ಮನೆಯಲ್ಲಿ ಯಾವ ಅನಾಹುತ ಆದೀತು? ಎಲ್ಲರೂ ಕೈಯೆತ್ತಿದರು. ಮೇಯರ್ ಮೇಜು ಕುಟ್ಟಿ, ನಿಯಮ ಜಾರಿಗೆ ಬಂತು ಅಂದರು.

ಆಗ ನೆವಿಲ್ ಗಂಟಲು ಸರಿಮಾಡಿಕೊಂಡ. ಇಪ್ಪತ್ತೇಳು ವರ್ಷದಲ್ಲಿ ಅವನು ಸಭೆಯಲ್ಲಿ ಬಾಯಿ ಬಿಟ್ಟದ್ದೇ ಇಲ್ಲ. "ಅಳತೆ ಸರಿಯಾಗಿದೆ. ನಾನೂ ರೇವಿನ್ ಅವ್ರೂ ಮನೆ ಅದಲುಬದಲು ಮಾಡ್ಕೊಳ್ತಿದೀವಿ."

ಈ ಸುದ್ದಿ ರೇವಿನ್‌ಗೂ ಆಗಷ್ಟೇ ತಿಳಿದದ್ದು. ಕಣ್ಣು ಒರೆಸಿಕೊಂಡು, "ಅಡುಗೆಮನೆ ನೋಡ್ದೆ ನಾನು ಒಪ್ಪಲ್ಲ," ಅಂದಳು.

ಒಪ್ಪಿದಳು. ಮೂರು ದಿನ ಮಂಚ, ಕುರ್ಚಿ, ಕನ್ನಡಿ ಬೇಲಿ ದಾಟಿದವು. ಶನಿವಾರ ನೆವಿಲ್ ತನ್ನದಾಗಿದ್ದ ಜಗಲಿಯಲ್ಲೇ ಕೂತು, ತಲೆಯ ಇನ್ನೊಂದು ಮಗ್ಗುಲಿನ ಕೂದಲನ್ನೂ ರೇವಿನ್ ಕೈಯಲ್ಲಿ ಕತ್ತರಿಸಿಕೊಂಡ. ಹಳೆಯ ಗಿರಾಕಿಗಳು ಅಭ್ಯಾಸಬಲದಿಂದ ಅವನ ಬಾಗಿಲು ತಟ್ಟಿ, ಏಪ್ರನ್ ಕಟ್ಟಿದ ನೆವಿಲ್‌ನನ್ನು ಕಂಡು ಹೌಹಾರುತ್ತಿದ್ದರು. ಅವನು ಗೇಟಿಗೆ ಒಂದು ಫಲಕ ಹಾಕಿದ: "ಅವರು ಪಕ್ಕದ ಮನೆ. ಹದಿನಾಲ್ಕು ಮೀಟರ್."

ಒಂದು ಮಧ್ಯಾಹ್ನ ಅವನು ಸಾಸೇಜು ಹುರಿಯುತ್ತಿದ್ದಾಗ ಬೇಲಿಯಾಚೆ ಯಾರೋ ಬಾಗಿಲು ಒದೆಯುವ ಸದ್ದು ಕೇಳಿತು. ಅಳತೆಯ ಗಾಲಿಯ ಕೋಲು ಹಿಡಿದು ಓಡಿದ. ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ತೆರೆದ ಕಿಟಕಿಯಿಂದ ರೇವಿನ್ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಪೊಲೀಸ್ ಠಾಣೆನಾ? ನನ್ನ ಹೆಸ್ರು ರೇವಿನ್ ಪೈಕ್. ವಿಳಾಸ ಬರ್ಕೊಳ್ಳಿ. ಹದಿನೇಳು, ಚರ್ಚ್ ಬೀದಿ. ಹೌದು, ನನ್ನ ಮನೆ."

ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಒದೆಯುತ್ತಿದ್ದವನು ಕಾಲು ಕೆಳಗಿಳಿಸಿದ. ಒಳಗೆ ಸಾಸೇಜು ಸೀಯುತ್ತಿದ್ದರೂ, ಪೊಲೀಸಿನವನು ಬಂದು ಟೋಪಿ ತೆಗೆಯುವವರೆಗೆ ನೆವಿಲ್ ಬೇಲಿ ಬಿಟ್ಟು ಕದಲಲಿಲ್ಲ.